ದಾರಿ ತೋರುವವಳಿಗೆ ಕೊಟ್ಟ ಜೋಡು

ಹೋದ ಸೋಮವಾರ ನಮ್ಮ ಗುರುಪಾದಪ್ಪನವರು ಮಠಕ್ಕೆ ಬಂದು ಒಂದು ಪ್ರಶ್ನೆ ಕೇಳಿದರು. "ಅಜ್ಜಾರ, ಎಷ್ಟು ಕೊಟ್ರೂ ಈ ಮಂದಿಗೆ ಉಪಕಾರದ ನೆನಪಿಲ್ಲ ನೋಡ್ರಿ. ಮತ್ತ ಯಾಕ ಕೊಡಬೇಕು?" ಅಗೋ, ಅಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ನಗಲಿ. ಕಥೆ ಮುಗಿಯುವ ಹೊತ್ತಿಗೆ ಆ ನಗು ಉಳಿದಿರುತ್ತದೋ ಇಲ್ಲವೋ ನೋಡೋಣ.

ದೂರದ ಒಂದು ಮರುಭೂಮಿಯ ಅಂಚಿನಲ್ಲಿ ಒಬ್ಬ ಸಾಹುಕಾರ ಇದ್ದ. ಎಂಥ ಮರುಭೂಮಿ? ಭೂಮಿಯೇ ಎರಡಾಗಿ ಸೀಳಿಕೊಳ್ಳುತ್ತಿರುವ ಜಾಗ. ಈ ಕಡೆ ಕರಿಕಲ್ಲಿನ ಗೋಡೆ, ಆ ಕಡೆ ಕರಿಕಲ್ಲಿನ ಗೋಡೆ. ನಡುವಿನ ನೆಲ ಕುಸಿದು ಕುಸಿದು ಸಮುದ್ರದ ಮಟ್ಟಕ್ಕಿಂತಲೂ ಕೆಳಗೆ ಹೋಗಿಬಿಟ್ಟಿದೆ. ಯಾವುದೋ ಕಾಲದಲ್ಲಿ ಸಮುದ್ರ ಅಲ್ಲಿಗೆ ನುಗ್ಗಿತು, ಬಿಸಿಲಿಗೆ ಆರಿತು, ಉಪ್ಪು ಬಿಟ್ಟು ಹೋಯಿತು. ಕಣ್ಣು ಹಾಯುವವರೆಗೂ ಬೆಳ್ಳಗೆ ಉಪ್ಪಿನ ಬಯಲು. ನೋಡಿ, ಮೇಲೆ ಬೆಳ್ಳಗೆ ಇದೆ ಅಂದರೆ ಒಳಗೆ ಗಟ್ಟಿ ಇದೆ ಅಂತ ಅಲ್ಲ. ಅದರ ಹೊಟ್ಟೆಯಲ್ಲಿ ಇನ್ನೂ ಬೆಂಕಿ ಇದೆ. ಒಂದು ಕಡೆ ಉಪ್ಪು ಆಳುದ್ದ ದಪ್ಪ, ಹತ್ತು ಹೆಜ್ಜೆ ಆಚೆಗೆ ಹಪ್ಪಳದಷ್ಟು ತೆಳು, ಅದರಡಿಯಲ್ಲಿ ಗಂಧಕ ಬೆರೆತ ನೀರು ಕುದಿಯುತ್ತಿರುತ್ತದೆ. ಹೋದ ವರ್ಷದ ದಾರಿ ಈ ವರ್ಷಕ್ಕಿಲ್ಲ. ನೆಲ ಒಮ್ಮೆ ನಡುಗಿದರೆ ಸಾಕು, ಇಲ್ಲಿದ್ದ ಬಿಸಿನೀರಿನ ಬುಗ್ಗೆ ಅಲ್ಲಿಗೆ ಹೋಗಿರುತ್ತದೆ.

ಹಾಗಾದರೆ ಜನ ದಾಟುತ್ತಿದ್ದದ್ದು ಹೇಗೆ? ಬರಿಗಾಲಿನ ಒಬ್ಬ ಹೆಂಗಸಿನಿಂದ. ಅವಳು ಮುಂದೆ ನಡೆಯಬೇಕು, ಅವಳ ಹೆಜ್ಜೆಯ ಮೇಲೆ ಒಂಟೆಗಳು ಹೆಜ್ಜೆ ಇಡಬೇಕು. ಅಂಗಾಲಿಗೆ ನೆಲ ತಣ್ಣಗಿದ್ದರೆ ಉಪ್ಪು ದಪ್ಪ, ಬೆಚ್ಚಗಿದ್ದರೆ ತೆಳು. ಅವಳ ತಾಯಿಗೂ ಅದೇ ಕೆಲಸ, ಅಜ್ಜಿಗೂ ಅದೇ ಕೆಲಸ. ಹೊತ್ತು ಮೂಡುವಾಗ ಹೊರಟು, ಬಿಸಿಲು ಉಪ್ಪನ್ನು ಕಾಯಿಸುವ ಮೊದಲು ಅರ್ಧಕ್ಕಿಂತ ಹೆಚ್ಚು ದಾಟಿರಬೇಕು. ಆಮೇಲೆ ಮೇಲಿನ ಕಾವು ಯಾವುದು, ಒಳಗಿನ ಕಾವು ಯಾವುದು ಅಂತ ಅಂಗಾಲಿಗೆ ಬೇಗ ತಿಳಿಯುವುದಿಲ್ಲ.

ನಮ್ಮ ಸಾಹುಕಾರ ಕೆಟ್ಟವನಲ್ಲ. ಕೈ ಬಿಚ್ಚಿ ಕೊಡುವವನು. ಅವನಿಗೆ ಒಬ್ಬಳೇ ಮಗಳು. ಬಯಲಿನ ಆಚೆ ದಂಡೆಯ ಊರಿಗೆ ಅವಳನ್ನು ಕೊಟ್ಟಿದ್ದ, ಬೆಳಗಾದರೆ ದಿಬ್ಬಣ ಹೊರಡಬೇಕು. ಬೀಗರು ಎದುರು ದಿನ್ನೆಯ ಮೇಲೆ ನಿಂತು ನೋಡುತ್ತಿರುತ್ತಾರೆ. ಮಗಳ ಒಂಟೆಗೆ ರೇಶಿಮೆಯ ಜೂಲು, ಕೊರಳಿಗೆ ಹಿತ್ತಾಳೆಯ ಗಂಟೆ. ಅದರ ಮುಂದೆ ಯಾರು? ಹರಕು ಸೀರೆಯ, ಒಡಕು ಹಿಮ್ಮಡಿಯ ಹೆಂಗಸು! ಸಾಹುಕಾರನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಗ್ಗೆ ಒಂದು ಜೊತೆ ಜೋಡು ತರಿಸಿದ. ಕೆಂಪು ಚರ್ಮ, ಬೆರಳು ದಪ್ಪದ ಅಟ್ಟೆ, ಮೇಲೆ ಜರಿಯ ಹೂವು.

"ನಿನ್ನ ಕಾಲು ಸುಡೂದು ನನ್ನ ಕಣ್ಣಲೇ ನೋಡಾಕ ಆಗವಲ್ದವ್ವಾ. ಹಾಕ್ಕೋ."

"ಸಾವಕಾರ್ರ, ನಂದೊಂದು ಮಾತು..."

"ಮಾತು ಆಮ್ಯಾಲ. ಮೊದಲ ಹಾಕ್ಕೋ."

"ಹಂಗಲ್ರೀ, ಈ ಕಾಲಿಗೆ..."

ಅವಳು ಬೇಡ ಅನ್ನುತ್ತಾಳೆ ಅಂತ ಅವನಿಗೆ ಗೊತ್ತಾಯಿತು. ಆಗ ಏನು ಮಾಡಿದ ಗೊತ್ತೇ? ಜೋಡನ್ನು ಮಗಳ ಕೈಗೆ ಕೊಟ್ಟು ಅವಳಿಂದ ಕೊಡಿಸಿದ. ಆ ಸೀಮೆಯಲ್ಲಿ ಒಂದು ರೂಢಿ ಇದೆ. ಮದುಮಗಳ ಕೈಯಿಂದ ಬಂದದ್ದನ್ನು ಬೇಡ ಅಂದರೆ ಅವಳ ಬಾಳಿಗೆ ಕೇಡು ಬಯಸಿದ ಹಾಗೆ. ಹೆಂಗಸು ಆ ಹುಡುಗಿಯ ಮುಖ ನೋಡಿದಳು. ಇನ್ನೊಂದು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಸುತ್ತ ನಿಂತವರು "ಎಂಥಾ ದೊಡ್ಡ ಮನಸಪ್ಪಾ!" ಅಂತ ಸಾಹುಕಾರನನ್ನು ಹೊಗಳುತ್ತಿದ್ದರು. ಅವಳು ಸುಮ್ಮನೆ ಜೋಡು ಮೆಟ್ಟಿಕೊಂಡಳು.

ಕೊಟ್ಟದ್ದು ಕರುಣೆಯಿಂದಲೋ, ಬೀಗರ ಮುಂದಿನ ಮರ್ಯಾದೆಗೋ? ಎರಡೂ ಇತ್ತು. ಯಾವುದು ಎಷ್ಟು ಅಂತ ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ದಿಬ್ಬಣ ಬಯಲಿಗೆ ಇಳಿಯಿತು. ಹೆಂಗಸು ಕೋಲಿನಿಂದ ತಟ್ಟುತ್ತಾಳೆ, ಕಿವಿಗೊಟ್ಟು ನಿಲ್ಲುತ್ತಾಳೆ, ಒಂದು ಹೆಜ್ಜೆ. ಮತ್ತೆ ತಟ್ಟುತ್ತಾಳೆ, ಮತ್ತೆ ನಿಲ್ಲುತ್ತಾಳೆ. ಒಂಟೆಯ ಗಂಟೆಯ ಸದ್ದಿನಲ್ಲಿ ಕೋಲಿನ ಸದ್ದು ಸರಿಯಾಗಿ ಕೇಳುತ್ತಿಲ್ಲ. ಬಿಸಿಲು ಏರುತ್ತಿದೆ. ಅರ್ಧ ದಾಟಬೇಕಾದ ಹೊತ್ತಿಗೆ ಕಾಲು ಭಾಗವೂ ಆಗಿಲ್ಲ. ಚರ್ಮದ ಚೀಲದಲ್ಲಿರುವುದು ಒಂದು ದಿನದ ನೀರು, ಅದೂ ಕಡಿಮೆಯಾಗುತ್ತಿದೆ. ಸಾಹುಕಾರ ಹಿಂದಿನಿಂದ ಕೂಗಿದ.

"ಯಾಕವ್ವಾ ಹಿಂಗ ನಿಲ್ಲತೀ? ದಿನಾ ಓಡಾಡೂ ದಾರಿ ಅಲ್ಲೇನು?"

"ಸ್ವಲ್ಪ ತಡೀರಿ ಸಾವಕಾರ್ರ."

"ತಡಕೊಂತ ಕುಂತ್ರ ನನ್ನ ಮಗಳು ಇಲ್ಲೇ ಒಣಗಿ ಹೋಗತಾಳ. ನಡಿ, ನಡಿ!"

ಅವಳು ನಡೆದಳು. ಮೂರನೆಯ ಹೆಜ್ಜೆಗೆ ಕಾಲಡಿಯಲ್ಲಿ ಚಟ್ ಅಂತ ಒಂದು ಸದ್ದಾಯಿತು.

ಅವಳು ಹಗುರ, ದಾಟಿಬಿಟ್ಟಳು. ಒಂಟೆ ಹಗುರವೇ? ಮುಂಗಾಲು ಎರಡೂ ಒಳಕ್ಕೆ ಹೋದವು. ಹಳದಿ ನೀರು ಬುಸ್ ಅಂತ ಮೇಲೆದ್ದಿತು. ರೇಶಿಮೆಯ ಜೂಲು ಸಮೇತ ಒಂಟೆ ಮಗ್ಗುಲಾಯಿತು. ಹುಡುಗಿ ಹಾರಿ ಉಪ್ಪಿನ ಒಂದು ಚಪ್ಪಡಿಯ ಮೇಲೆ ಬಿದ್ದಳು. ಸುತ್ತಲೂ ನೀರು ಕುದಿಯುತ್ತಿದೆ, ನಡುವೆ ಚಾಪೆಯಗಲದ ಆ ಚಪ್ಪಡಿ ಓಲಾಡುತ್ತಿದೆ.

"ಯವ್ವಾ, ನನ್ನ ಮಗಳ!" ಅಂತ ಸಾಹುಕಾರ ನುಗ್ಗಿದ.

"ನಿಂದ್ರು ಅಲ್ಲೇ!"

ಹೆಂಗಸು ಕೂಗಿದ್ದು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. ನಿಂತುಬಿಟ್ಟ.

"ಬೋರಲ ಮಲಗವ್ವಾ, ಅಳ್ಳಾಡಬ್ಯಾಡ," ಅಂತ ಹುಡುಗಿಗೆ ಹೇಳಿ ಹೆಂಗಸು ಜೋಡು ಕಿತ್ತೆಸೆದಳು. ಅಂಗಾಲಿನಿಂದ ಅಂಚನ್ನು ತಡವುತ್ತ ತಡವುತ್ತ ಸಾಹುಕಾರ ನಿಂತ ಕಡೆಗೆ ಬಳಸಿ ಬಂದು ಹುಡುಗಿಯ ಹತ್ತಿರ ಹೋದಳು. ಸೆರಗು ಬೀಸಿದಳು, ಹುಡುಗಿ ಹಿಡಿದುಕೊಂಡಳು. ಎಳೆದಳು. ಕೊನೆಯ ಗಳಿಗೆಯಲ್ಲಿ ಅಂಚು ಕುಸಿದು ಹೆಂಗಸಿನ ಎರಡೂ ಪಾದ ಕುದಿಯುವ ನೀರಿಗೆ ಹೋದವು. ಅವಳು ಕಿರುಚಿದಳು, ಆದರೆ ಸೆರಗು ಬಿಡಲಿಲ್ಲ.

ಹುಡುಗಿ ಉಳಿದಳು. ಆದರೆ ಮುಕ್ಕಾಲು ದಾರಿ ಇನ್ನೂ ಬಾಕಿ. ಹಿಂದೆ ಹೋಗೋಣವೆಂದರೆ ಹಿಂದಿನ ಹೆಜ್ಜೆಗಳ ಮೇಲೂ ಬಿರುಕು ಹರಿದಿದೆ. ದಾರಿ ತೋರುವವಳ ಪಾದ ಬೆಂದಿದೆ. ಅವಳನ್ನು ಇನ್ನೊಂದು ಒಂಟೆಯ ಮೇಲೆ ಕೂರಿಸಿದರು. ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು, "ಇನ್ನ ನಿಮ್ಮ ಕಾಲು ಬೇಕು ಸಾವಕಾರ್ರ."

ಸಾಹುಕಾರ ಬರಿಗಾಲಾದ. ಮೊದಲ ಹೆಜ್ಜೆಗೇ ಜೀವ ಹೋದಂತಾಯಿತು.

"ಸುಡತೈತಿ!"

"ಕಾಲು ಎತ್ತಬ್ಯಾಡ್ರಿ. ತಾಳ್ರಿ. ಮ್ಯಾಲಿನ ಬಿಸಿ ಆದ್ರ ಇಟ್ಟ ಕೂಡ್ಲೇ ಚುರ್ ಅಂತೈತಿ, ಆಮ್ಯಾಲ ಇಳೀತೈತಿ. ಒಳಗಿಂದಾದ್ರ ನಿಂತಷ್ಟೂ ಏರತೈತಿ. ಈಗ ಹೇಳ್ರಿ, ಏರತೈತೋ ಇಳೀತೈತೋ?"

ಅವನು ಕಣ್ಣು ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ ಒಂದು ಪ್ರಶ್ನೆಗೆ ಉತ್ತರ ಬರುವವರೆಗೆ ಕಾದ.

"ಇಳೀತೈತವ್ವಾ."

"ಹಂಗಾದ್ರ ಮುಂದಿನ ಹೆಜ್ಜಿ."

ಹೀಗೆ ಒಂದೊಂದು ಹೆಜ್ಜೆ. ಎರಡು ಸಲ "ಏರತೈತಿ" ಅಂದ, ಎರಡು ಸಲವೂ ಬಳಸಿಕೊಂಡು ಹೋದರು. ಬೊಬ್ಬೆ ಎದ್ದು ಒಡೆದವು. ಹಿಂದೆ ಮಗಳು ಅಳುವುದು ಕೇಳುತ್ತಿತ್ತು, ತಿರುಗಿ ನೋಡುವಂತಿರಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಕೊನೆಯ ಚೀಲದ ನೀರು ಬರಿದಾಯಿತು. ಅದಾಗಿ ಸ್ವಲ್ಪ ಹೊತ್ತಿಗೆ ಕರಿಕಲ್ಲು ಕಾಲಿಗೆ ಸಿಕ್ಕಿತು. ಬೀಗರು ಓಡಿ ಬಂದರು. ಅವರು ಏನಂದರು ಅಂತ ಅವನಿಗೆ ನೆನಪೇ ಇಲ್ಲ.

ಹೆಂಗಸಿನ ಪಾದಕ್ಕೆ ಔಷಧ ಹಚ್ಚುವಾಗ ಅವನು ಪಕ್ಕದಲ್ಲಿ ಕುಸಿದು ಕೂತ. "ಜೋಡು ಹಾಕ್ಕೊಂಡ್ರ ನೆಲ ತಿಳಿಯಂಗಿಲ್ಲ ಅಂತ ಬೆಳಿಗ್ಗೇನ ಯಾಕ ಹೇಳಲಿಲ್ಲವ್ವಾ?"

"ಮೂರು ಸಲ ಬಾಯಿ ತಗದ್ನಿರಿ. ನೀವು ಕೊಡೂದ್ರಾಗ ಇದ್ರಿ."

ಸಾಹುಕಾರ ಅತ್ತುಬಿಟ್ಟ. ನಿನಗೆ ಮನೆ ಕಟ್ಟಿಸುತ್ತೇನೆ, ಒಂಟೆ ಕೊಡುತ್ತೇನೆ ಅನ್ನುವ ಮಾತು ನಾಲಿಗೆಗೆ ಬಂತು. ನುಂಗಿಕೊಂಡ. "ನಿನಗ ಏನು ಬೇಕವ್ವಾ?" ಅಂತ ಕೇಳಿ ಸುಮ್ಮನಾದ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅವನೂ ಆಡಲಿಲ್ಲ.

"ನನ್ನ ಕಾಲು ಇನ್ನ ಈ ಉಪ್ಪಿನ ಮ್ಯಾಲ ನಡಿಯಂಗಿಲ್ರಿ," ಅಂದಳು ಕೊನೆಗೆ. "ನನ್ನ ಮಗಳು ಬರತಾಳ. ಅಕೀಗೆ ಏನೂ ಕೊಡಬ್ಯಾಡ್ರಿ. ಅಕಿ ನಿಂದ್ರು ಅಂದ್ರ ನಿಂದರ್ರಿ."

ಕಥೆ ಇಷ್ಟೇ. ಗುರುಪಾದಪ್ಪನವರೇ, ನಗು ಎಲ್ಲಿ ಹೋಯಿತು? ಇರಲಿ, ನಿಮ್ಮೊಬ್ಬರಿಗೇ ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿಗೆ ಹಬ್ಬಕ್ಕೆ ಸೀರೆ ಕೊಡುತ್ತೀರಿ. ಅವಳಿಗೆ ಬೇಕಾಗಿದ್ದದ್ದು ವಾರಕ್ಕೊಂದು ದಿನ ರಜೆ ಇರಬಹುದು, ಕೇಳಿದ್ದೀರಾ? ಮಗಳನ್ನು ನೀವು ಆರಿಸಿದ ಕೋರ್ಸಿಗೆ ಸೇರಿಸಿ, ನಿನಗಾಗಿ ಏನೆಲ್ಲ ಮಾಡಿದೆ ಅನ್ನುತ್ತೀರಿ. ಅವಳು ಎಷ್ಟು ಸಲ ಬಾಯಿ ತೆರೆದಳು, ಎಣಿಸಿದ್ದೀರಾ? ಕೊಟ್ಟು ಬಾಯಿ ಮುಚ್ಚಿಸುವುದು ದಾನವಲ್ಲ. ನಿಮ್ಮ ಉಡುಗೊರೆ ತೊಟ್ಟವರು ನಿಮಗೆ ಅಪಾಯ ಬಂದಾಗ ಎಚ್ಚರಿಸಲಾರದ ಹಾಗೆ ಆಗಿಬಿಡುತ್ತಾರೆ, ಅದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ನಾಳೆಯಿಂದ ಒಂದೇ ಒಂದು ಕೆಲಸ ಮಾಡಿ. ಏನನ್ನಾದರೂ ಕೊಡುವ ಮೊದಲು "ನಿನಗೆ ಏನು ಬೇಕು?" ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಉತ್ತರ ಬರುವವರೆಗೂ ನಿಲ್ಲಿ, ಕಾಲು ಸುಟ್ಟರೂ ನಿಲ್ಲಿ.

ನಾನೇನು ಸಾಚಾ ಅಲ್ಲ. ಹೋದ ತಿಂಗಳು ಈ ಸಭಾಭವನಕ್ಕೆ ನುಣುಪು ಕಲ್ಲು ಹಾಸಿಸಿದೆವು. ನೀವು ಕೊಟ್ಟಿರಿ, ನಾನು ಆಶೀರ್ವಾದ ಮಾಡಿದೆ. ಹಿಂಬದಿಯ ದಾಸೋಹದ ಮನೆಯಲ್ಲಿ ಹನ್ನೆರಡು ವರ್ಷದಿಂದ ಅಡುಗೆ ಮಾಡುತ್ತಿರುವ ಹೆಣ್ಣುಮಕ್ಕಳನ್ನು ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರೀಗ ಬಾಗಿಲಲ್ಲಿ ನಿಂತಿದ್ದಾರೆ.

ಬನ್ನಿ ತಾಯಿ, ಮುಂದೆ ಬನ್ನಿ. ನಿಮಗೆ ಏನು ಬೇಕು, ಹೇಳಿ. ಅವರು ಹೇಳಿ ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕಬೇಡಿ. ನಾನೂ ಹಾಕುವುದಿಲ್ಲ.