ಮೂಗು ತಿರುಗದ ಕಾರು

…ಮುಟ್ಟಬ್ಯಾಡ ಅಂದೆನಲ್ಲ ಸುಜಿ. ಟೈರು ಇನ್ನಾ ಕಾದು ಕೆಂಡ ಆಗ್ಯಾವ. ಕೈ ಸುಟ್ಟುಗೊಂಡು ನಾಳಿ ಶಕ್ತಿನಗರಕ್ಕ ಡ್ಯೂಟಿಗಿ ಹೆಂಗ ಹೋಗ್ತಿ? ಬಾ, ಈ ಸ್ಟೂಲಿನ ಮ್ಯಾಲ ಕುಂದ್ರು. ನಿಮ್ಮವ್ವ ದೇವದುರ್ಗದ ಬಸ್ಸಿನ್ಯಾಗ ಕಂಡಕ್ಟರ್ ಕೈಲೆ ಬುತ್ತಿ ಕಳಿಸ್ಯಾಳ. ರೊಟ್ಟಿ, ಪುಂಡಿಪಲ್ಯ. ಉಣ್ಣು ಮೊದಲ. …ಹಸಿವಿಲ್ಲ? ಇಲ್ಲಂದ್ರ ಬಿಡು. ಈ ನಾತದಾಗ ಯಾರಿಗಿ ಹಸಿವಾಗ್ತದ. ಥೂ. ವಯಸ್ಸೆಲ್ಲ ಟೈರಿನ ನಡುವೇ ಕಳದೀನಿ, ಮೊದಲ ಬಸ್ ಡಿಪೋದಾಗ, ಈಗ ಈ ಮಾನ್ವಿ ರೋಡಿನ ರಿಪೇರಿ ಅಂಗಡ್ಯಾಗ. ಆದ್ರ ಈ ರೇಸಿನ ರಬ್ಬರ್ ಸುಟ್ಟ ನಾತ ಬಂತಂದ್ರ ಮೂಗಿಗಿ ಟವೆಲ್ ಹಿಡಿಬೇಕು ನೋಡು.

ನಾಚಿಕಿ ಬರ್ತದ ನನಗ. ಪಾಪ, ಆ ಸಮೀಉಲ್ಲಾ ತನ್ನ ರೈಸ್ ಮಿಲ್ಲಿನ ಅಂಗಳ ಖಾಲಿ ಮಾಡಿ ಕೊಡ್ತಾನ. ಲಾರಿ ಎಲ್ಲ ಹೊರಗ ನಿಲ್ಲಿಸಿ, ಹಮಾಲರ ಕೈಲೆ ಕೋನ್ ಇಡಿಸಿ, ಮ್ಯಾಲ ನಮಗ ಚಾ ಬ್ಯಾರೆ. ಬಿಸಿಲಾಗ ತಾಸುಗಟ್ಟಲೆ ಕಾರು ಗಿರಿಗಿರಿ ತಿರುಗಿಸಿದಿ. ಏನಾತು? ಅದ ಟೈಮು, ಅದ ಕಥಿ. ಹೈದರಾಬಾದ್ ಟ್ರ್ಯಾಕಿನ್ಯಾಗೂ ವರ್ಷ ಇಡೀ ಹಂಗ. ಒಮ್ಮೆ ನಾಕನೇದು, ಒಮ್ಮೆ ಐದನೇದು, ಮತ್ತ ನಾಕನೇದು. ಬರೋ ಐತವಾರ ರೇಸಿನ ಕಡೀ ರೌಂಡು. ಮೊದಲ ಮೂರರಾಗ ಬಂದ್ರ ಆ ಕೊಯಮತ್ತೂರಿನ ಟೀಮಿನವ್ರು ಮುಂದಿನ ವರ್ಷ ನಿನ್ನ ಕೈಗಿ ತಮ್ಮ ಕಾರು ಕೊಡ್ತಾರ. ಬರ್ಲಿಲ್ಲಂದ್ರ ಇನ್ನೊಬ್ಬರನ್ನ ನೋಡ್ಕೋತಾರ, ಮುಗೀತು. ಗೊತ್ತದವ್ವ ನನಗ, ಎಷ್ಟು ಸಲ ಹೇಳ್ತಿ. …ಹೇಳ್ಲಿಲ್ಲ? ಹಂಗ ನೋಡಾಕತ್ತಿದ್ದಿಯಲ್ಲ, ಅದೂ ಹೇಳಿದಂಗ.

ಆ ಹೈದರಾಬಾದಿನ ಹುಡುಗರನ್ನ ನೆನಸಿದ್ರ ಮೈ ಉರೀತದ. ಕಾರಿನ ಮುಂದ ಲ್ಯಾಪ್‌ಟಾಪ್ ತಗದು ಕುಂದರ್ತಾರ, ಮದುವಿ ಫೋಟೋ ನೋಡೋರಂಗ. ಟೈರು ಬಿಸಿ ಇರ್ಲಿ ಅಂತ ಕಂಬಳಿ ಹೊಚ್ಚುತಾರ, ಕಂಬಳಿ. ನಮ್ಮ ಊರಿನವರೇನು ಕಡಿಮಿ? ನಿನ್ನಿ ಒಬ್ಬಾತ ಬಂದಿದ್ದ. ಕಾರು ತಗ್ಗ ಕಾಣಬೇಕಂತ ಸ್ಪ್ರಿಂಗಿಗಿ ಕಟರ್ ಹಚ್ಚಿ ಕೊಯ್ಸ್ಯಾನ. ಹಂಪ್ ಬಂದ್ರ ಕಾರಿನ ಹೊಟ್ಟಿ ನೆಲಕ್ಕ ತಿಕ್ತದ. ಅಂಥದ್ದು ತಂದು ‘ಅಣ್ಣಾ, ಟ್ರ್ಯಾಕ್ ಸೆಟ್ಟಿಂಗ್ ಮಾಡಿಕೊಡ್ರಿ’ ಅಂತಾನ. ಯಾವ ಟ್ರ್ಯಾಕೋ ಮಾರಾಯ ಅಂದ್ರ, ಸ್ಟೇಷನ್ ರೋಡು. ಕಾಲೇಜ್ ಬಿಡೋ ಹೊತ್ತಿಗಿ ನಾಕು ಸುತ್ತು ಹಾಕಾಕ. ಗಾಡಿ ಹೊರಗ ತಗೀ ಅಂದೆ. …ಯಾಕ ನಗಾಕತ್ತಿ? ನಗಾಕ ಏನದ ಇದ್ರಾಗ? ನನಗ ಹೇಸಿಕಿ, ನಿನಗ ನಗಿ.

ಏನಂದಿ?… ಮೂಗು ತಿರುಗವಲ್ದು. ಮತ್ತ ಅದ ಹಾಡು. ತಿರುವಿನ್ಯಾಗ ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಕಾರು ನೆಟ್ಟಗ ಹೋಗ್ತದಂತ. ತಮ್ಮ ಕೈ ಸರಿ ಇಲ್ಲದಾಗ ಎಲ್ಲಾರೂ ಅದ ಅಂತಾರ ಸುಜಿ. ನೀ ಅವಸರ ಮಾಡ್ತಿ. ಮುಂದಿನ ಟೈರು ನೆಲಾ ಹಿಡಿಯೂದ್ರೊಳಗ ತಿರುಗಿಸ್ತಿ, ಜಾರ್ತದ. ಎಷ್ಟು ಸಲ ಹೇಳೀನಿ? ಬೇಕಂದ್ರ ಮುಂದ ಹವಾ ಒಂದೀಟು ಇಳಿಸೋಣಂತ. …ಹಿಂದ? ಹಿಂದ ಎಲ್ಲಾ ಬರೋಬ್ಬರಿ ಅದ. ಹಿಂದಿನ ಚಿಂತಿ ನಿನಗ ಬ್ಯಾಡ.

ನನ್ನ ಸೆಟ್ಟಿಂಗಿನ ಮ್ಯಾಲ ಅನುಮಾನ ಏನು ನಿನಗ? ನಾಕು ಗಾಲಿ ಕೆಳಗ ನಾಕು ತೂಕದ ಮಷಿನ್ ಇಟ್ಟು ಹೊಂದಿಸೀನಿ. ನೀ ಡ್ಯೂಟಿಗಿ ಹೋಗಿದ್ದಿ, ಅದಕ್ಕ ನಿನ್ನ ತೂಕದಷ್ಟು ಅಕ್ಕಿ ಚೀಲಕ್ಕ ತುಂಬಿ, ಡ್ರೈವರ್ ಸೀಟಿನ್ಯಾಗ ಕುಂದ್ರಿಸಿ, ಬೆಲ್ಟ್ ಹಾಕಿದ್ದೆ. ಅವತ್ತ ನಿಮ್ಮವ್ವ ಬಂದಿದ್ಳು, ನಿನಗ ಹೇಳಿಲ್ಲೇನು? ನಮ್ಮಕ್ಕ ಬಸ್ಸಮ್ಮ ಹಂಗೆಲ್ಲ ಹೆದರೋ ಹೆಣ್ಣಲ್ಲ, ಒಡಹುಟ್ಟಿದವ ನಾ, ನನಗ ಗೊತ್ತಿಲ್ಲೇನು. ಕಿಟಕ್ಯಾಗ ಹಣಿಕಿ ಹಾಕಿ ಚೀಲ ನೋಡಿದ್ಳು. ಕೈ ಒಳಗ ಹಾಕಿ ಆ ಚೀಲದ ಬೆಲ್ಟ್ ಜಗ್ಗಿ ನೋಡಿದ್ಳು, ಗಟ್ಟಿ ಅದನೋ ಇಲ್ಲೋ ಅಂತ. ಆಮ್ಯಾಲ ಸೆರಗು ಝಾಡಿಸಿಕೊಂಡು ಬಸ್ ಸ್ಟ್ಯಾಂಡಿಗಿ ಹೋದ್ಳು.

ಎಲ್ಲಿಗಿ ಎದ್ದಿ? …ಮತ್ತ ಅದ ಟೈರು. ಹೌದು, ಮುಂದಿನವು ಹೊರಗಿನ ಅಂಚು ತಿಂದಾವ. ತಿರುವಿನ್ಯಾಗ ಮೂಗು ತಳ್ಳಿದ್ರ ತಿಂತಾವ, ಅದ್ರಾಗ ಏನು ವಿಶೇಷ. …ಹಿಂದಿನವ್ಯಾಕ ಹೊಸವು ಇದ್ದಂಗ ಅದಾವ ಅಂದ್ರ… ಅದು… ಆ ರಬ್ಬರ್ ಬ್ಯಾರೆ ಲಾಟಿಂದು ಇದ್ದೀತು. ನನ್ನ ಹಂಗ ನೋಡಬ್ಯಾಡ. ನೀನೂ ಪವರ್ ಪ್ಲಾಂಟಿನ್ಯಾಗ ಮಷಿನ್ ನೋಡಾಕಿ ಅಂತ ನನ್ನ ಮುಂದ ಇಂಜಿನಿಯರ್‌ಕಿ ತೋರಿಸಬ್ಯಾಡ.

ಹೋದ ವರ್ಷ ಕಾರು ಹಿಂಗಿರ್ಲಿಲ್ಲ ಅಂತಿಯೇನು? ಇರ್ಲಿಲ್ಲ, ಒಪ್ತೀನಿ. ಹೋದ ವರ್ಷ ಮೂಗು ಚಲೋ ತಿರುಗ್ತಿತ್ತು, ಬಾಲ ಹಾರ್ತಿತ್ತು. ನೀ ಎರಡನೇದು ಬಂದಿ. ಅದರ ಮುಂದಿನ ರೌಂಡಿಗಿ ಏನಾತು, ಅದನ್ನೂ ಹೇಳು. ಕಾರು ಬೆನ್ನಿನ ಮ್ಯಾಲ ಬಿದ್ದಿತ್ತು, ಗಾಲಿ ಮ್ಯಾಲಾಗಿ ತಿರುಗಾಕತ್ತಿದ್ವು. ನಾ ಓಡಿ ಬಂದೆ, ಒಂದು ಚಪ್ಪಲಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಬಗ್ಗಿ ನೋಡಿದ್ರ ನೀ ಬೆಲ್ಟಿನ್ಯಾಗ ತಲಿ ಕೆಳಗಾಗಿ ಜೋತುಬಿದ್ದು ನಗಾಕತ್ತಿದ್ದಿ. ಮೂಗಿನ ರಗುತ ಹಣಿಗಿ ಹರಿಯಾಕತ್ತಿತ್ತು ಸುಜಿ, ಕೆಳಗಲ್ಲ, ಹಣಿಗಿ. ಮತ್ತ ನೀ ಕೇಳಿದ್ದೇನು? ‘ಮಾಮಾ, ಟೈಮ್ ಎಷ್ಟು ಬಂತು?’ ಥೂ ಇದರ. ಅವತ್ತಿಗಿ ನನಗ ಈ ಆಟದ ಮ್ಯಾಲ ಹೇಸಿಕಿ ಬಂತು. ಈ ಕಾರು, ಈ ನಾತ, ಹುಡುಗಿ ಉಳದ್ಳೋ ಸತ್ಳೋ ನೋಡೂದು ಬಿಟ್ಟು ಮೊಬೈಲ್ ಹಿಡಕೊಂಡು ನಿಂತಿದ್ದ ಮಂದಿ. ಎಲ್ಲಾ ಹೊಲಸು. ನಾ ಊರಿಗಿ ಬಂದು ಎಂಟು ದಿನ ಅಂಗಡಿ ಕದ ತಗೀಲಿಲ್ಲ. ನೀ ಮಾತ್ರ ಮೂಗಿಗಿ ಹತ್ತಿ ಇಟ್ಟುಗೊಂಡು ಬಂದು ‘ಯಾವಾಗ ರಿಪೇರಿ ಮಾಡ್ತಿ ಮಾಮಾ’ ಅಂದಿ.

ಜಾಕ್ ಯಾಕ ತಗೊಂಡಿ? …ಸುಜಿ, ನಿನ್ನನ್ನ ಕೇಳಾಕತ್ತಿದ್ದು. ಬ್ಯಾಟ್ರಿ ಲೈಟ್ ಯಾಕ? ಬಟ್ಟಿ ಹೊಲಸಾಗ್ತಾವ, ಕೆಳಗ ಹೋಗಬ್ಯಾಡ. ಬೇಕಂದ್ರ ನಾಳಿ ನಾನ ನೋಡ್ತೀನಿ. ಬರೇ ಜಾಕ್ ನಂಬಿ ಕಾರಿನ ಕೆಳಗ ಹೋಗಬಾರದಂತ ಕಲಿಸೀನಿಲ್ಲ? ಸ್ಟ್ಯಾಂಡ್ ಹಾಕು. …ಹಾಕಿದಿ. ಚಲೋ.

ಏನ್ ಕಾಣ್ತದ ಅಲ್ಲಿ?

ಅಲ್ಲೇನದ. ಹಿಂದಿನ ಎರಡೂ ಗಾಲಿ ಕೂಡಿಸೋ ಸರಳು ಅದ. ಕಾರು ವಾಲದಂಗ ಹಿಡಿಯೂದು. ಅದ ಅಲ್ಲಿ, ಎಲ್ಲಿಗಿ ಹೋಗ್ತದ. …ಬೋಲ್ಟ್ ಕಾಣವಲ್ದೇನು? ಬಿದ್ದಿರಬೇಕು. ಹೈದರಾಬಾದಿನಿಂದ ಟ್ರಾಲಿ ಮ್ಯಾಲ ಹೇರಿಕೊಂಡು ಬರೋವಾಗ ಏನು ಕಡಿಮಿ ಕುಣಿದದೇನು? ಸಡಲಾಗಿ ಎಲ್ಲೋ ದಾರ್ಯಾಗ… ಸುಜಿ? ಕೇಳಾಕತ್ತದಿಲ್ಲ? ಬೋಲ್ಟ್ ಬಿದ್ದಿರಬೇಕು ಅಂದೆ.

…ತಂತಿ ನೋಡಾಕತ್ತಿ.

ಸರಳು ಜೋತಾಡದಂಗ ತಂತಿಲೆ ಕಟ್ಟ್ಯಾರ, ಅಲ್ಲ? ಎರಡು ಸುತ್ತು. ತುದಿ ಒಳಗ ಮಡಚಿ, ಕೆಲಸ ಮಾಡೋರ ಕೈ ಗೀರಬಾರದಂತ. ಡಿಪೋದಾಗ ಕಲತದ್ದು ಅದು. ನಿನಗೂ ನಾನ ಕಲಿಸೀನಿ. ಈ ರಾಯಚೂರಿನ್ಯಾಗ ಮತ್ಯಾರು ಹಂಗ ಮಡಚ್ತಾರ, ಅಂತ ನೋಡಾಕತ್ತಿ.

ಹೊರಗ ಬಾ. ಹೊರಗ ಬಂದು ಮಾತಾಡು.

…ಏನು? ಕಾರಿನ ಕೆಳಗಿಂದ ಕೈ ಯಾಕ ಚಾಚಿದಿ? ಬೋಲ್ಟ್ ಬಿಗಿ ಮಾಡೋ ಪಾನಾ ಬೇಕಾ? ತಗೋ. …ಪಾನಾ ಅಲ್ಲ? ಕೆಳಗಿಟ್ಟಿಯಲ್ಲ. ಪಕ್ಕಡ? ಬಾಯಿಬಿಟ್ಟು ಹೇಳು, ತಂತಿ ಬಿಚ್ಚಾಕ ಪಕ್ಕಡ ಬೇಕಾ? …ಕೈ ಹಿಂದ ತಗೋ ಸುಜಿ. ನಿಮ್ಮವ್ವನ ಮ್ಯಾಲ ಅನುಮಾನ ಪಡಬ್ಯಾಡ. ಆಕಿ ಹೇಳಿಲ್ಲ, ಆಕಿಗಿ ಗೊತ್ತೂ ಇಲ್ಲ. ಸರಳು ಬಿಚ್ಚಿದ್ರ ಹಿಂದ ಮೆತ್ತಗಾಗ್ತದ. ಬಾಲ ಹಾರಂಗಿಲ್ಲ, ಪಲ್ಟಿ ಹೊಡಿಯಂಗಿಲ್ಲ. ಮೂಗು ನೆಟ್ಟಗ ಹೋಗ್ತದ, ಟೈಮ್ ಹೋಗ್ತದ. ಅಷ್ಟ. ಹುಡುಗಿ ಮನಿಗಿ ಬರ್ತಾಳ. ಅಷ್ಟ.

ಇನ್ನಾ ಚಾಚೇ ಇದ್ದಿ.

ಆತು, ತಗೋ ನಿನ್ನ ಬೋಲ್ಟ್. ಇಲ್ಲೇ ಅದ, ಅಂಗಿ ಕಿಸೆದಾಗ. ದಿನಾ ಅಂಗಿ ಬದಲಿ ಮಾಡೋವಾಗ ಇದನ್ನೂ ಬದಲಿ ಮಾಡೀನಿ, ಪೆನ್ನಿನ ಸಂಗಟ. ಹೊಳಿಗಿ ಒಗೀಬೇಕಂತ ಹೋಗಿದ್ದೆ, ಕೃಷ್ಣಾ ಸೇತುವಿ ಮ್ಯಾಲ ನಿಂತಿದ್ದೆ, ಕೈ ಬರ್ಲಿಲ್ಲ. …ಹಿಡಕೋ. ಅರ್ಧಂಬರ್ಧ ಬಿಗಿ ಮಾಡಬ್ಯಾಡ ಮತ್ತ. ತಂತಿ ಬಿಚ್ಚು, ಸರಳು ಎತ್ತು, ತೂತಿಗಿ ತೂತು ಕೂಡ್ತದ. ಇಲ್ಲಂದ್ರ ನೀ ಆಕಡಿ ಸರಿ, ನಾ ಹಾಕ್ತೀನಿ… ಬ್ಯಾಡ, ನೀನ ಹಾಕು. ನಾ ಬ್ಯಾಟ್ರಿ ಹಿಡೀತೀನಿ.

ಸುಜಿ.

ಬೋಲ್ಟ್ ಕೊಟ್ಟೆನಲ್ಲ, ಯಾಕ ಹಂಗ ಮುಷ್ಟಿ ಕಟ್ಟಿ ಬಿದ್ದಿ? ಪಾನಾ ಸಪ್ಪಳ ಕೇಳವಲ್ದು. ನಿನ್ನ ಕೈ ಸರಿ ಇಲ್ಲಂತ ವರ್ಷ ಇಡೀ ಬೈದೀನಿ, ನೀನೂ ನನಗ ಏನರ ಬೈ. ಕಾರ್ ಕೆಳಗಿಂದ ಮಾತು ಕೇಳ್ತದ, ನನಗೇನು ಕಿವುಡಿಲ್ಲ. ಬೈಯಾಕ ಬರ್ಲಿಲ್ಲಂದ್ರ ನಗು. ಅವತ್ತ ತಲಿ ಕೆಳಗಾಗಿ ರಗುತ ಸುರಿಯೋವಾಗ ನಕ್ಕಿಯಲ್ಲ. ಈಗ್ಯಾಕ ನಗವಲ್ಲಿ?