ಮುನಾಫ್ ಸಾಹೇಬರ ಖಾಕಿ ಚೀಲ

ಮಾನ್ಯ ಅಧ್ಯಕ್ಷರಾದ ವೀರಬಸಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ನನ್ನನ್ನು ಸನ್ಮಾನಿಸುತ್ತಿರುವ ಶಿಕಾರಿಪುರದ ಚಿತ್ರಸಮಾಜದ ಗೆಳೆಯರೇ, ಭಾನುವಾರದ ನಿದ್ದೆ ಬಿಟ್ಟು ಬಂದ ಸಭಿಕರೇ,

ನಾಲ್ಕು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ನನ್ನ ಚಿತ್ರ ಇದೇ ಊರಿನಲ್ಲಿ ಮೂರು ದಿನ ಓಡಿತು. ಎರಡನೆಯ ದಿನ ಒಬ್ಬರು ಬಂದು, "ಏನ್ರೀ, ರೀಲು ಸಿಕ್ಕಿ ಹಾಕ್ಕೊಂಡೈತೇನು? ಆ ಮನುಷ್ಯ ಇನ್ನೂ ಜಗಲಿ ಮ್ಯಾಲೇ ಕುಂತಾನಲ್ಲ" ಎಂದು ಕೇಳಿದ್ದರು. ಈಗ ಅದನ್ನೇ ಕಾಲೇಜು ಹುಡುಗರು ಹತ್ತು ಹತ್ತು ಸಲ ನೋಡುತ್ತಾರಂತೆ. ಅದರ ರಕ್ತಪಿಶಾಚಿಗೆ ಕೋರೆಹಲ್ಲಿಲ್ಲ. ಹಗಲಿನಲ್ಲೇ ಬರುತ್ತಾನೆ, ಕರೆಯುವವರೆಗೆ ಹೊಸ್ತಿಲು ದಾಟುವುದಿಲ್ಲ, ರಕ್ತವನ್ನು ಕೇಳಿಯೇ ಪಡೆಯುತ್ತಾನೆ, ಪಡೆದ ಮೇಲೆ ಒಂದು ಚೂರು ಬೆಲ್ಲ ಕೊಟ್ಟು ಹೋಗುತ್ತಾನೆ. ಇಂಥವನನ್ನು ಹೇಗೆ ಕಲ್ಪಿಸಿದಿರಿ ಎಂದು ಸ್ವಾಗತ ಭಾಷಣದಲ್ಲಿ ಕೇಳಿದಿರಿ.

ಕಲ್ಪಿಸಲಿಲ್ಲ. ಕಂಡೆ.

ಮುನಾಫ್ ಸಾಹೇಬರು ಈ ಊರಿನವರೇ. ಕ್ಯಾಸನೂರಿನ ಸುತ್ತಿನ ಹಳ್ಳಿಗಳಿಗೆ ಸೈಕಲ್ ತುಳಿದು, ಮಂಗನ ಕಾಯಿಲೆಯ ಅನುಮಾನವಿದ್ದವರ ರಕ್ತವನ್ನು ಗಾಜಿನ ಕೊಳವೆಯಲ್ಲಿ ತೆಗೆದು ಪರೀಕ್ಷೆಗೆ ಕಳಿಸುವುದು ಆಗ ಅವರ ಕೆಲಸ. ಚಿತ್ರಕ್ಕೆ ಮೊದಲು ಎರಡು ವಾರ ಅವರೊಂದಿಗೆ ತಿರುಗಿದೆ. ಜಗಲಿಯಲ್ಲಿ ಕೂತು, "ಗಡಿಬಿಡಿ ಇಲ್ಲಮ್ಮ, ಮನಸ್ಸು ಬಂದಾಗ ಕರೀರಿ" ಎನ್ನುತ್ತಿದ್ದರು. ಆ ಮನೆಗಳ ಬಾಗಿಲು ತೆರೆಯಲು ಎಂಟು ವರ್ಷ ಹಿಡಿಯಿತೆಂದು ಅವರೇ ಹೇಳಿದ್ದರು.

ಬಂದಳಿಕೆಯ ಹಾಳು ಗುಡಿಗಳ ಬಳಿ ಚಿತ್ರೀಕರಣ. ಪಿಶಾಚಿಯ ಪಾತ್ರ ಮಾಡಿದ ನಟನ ಹೆಗಲ ಹೊಸ ಚೀಲ ನನ್ನ ಕಣ್ಣಿಗೆ ಸುಳ್ಳೆನಿಸಿತು. ಎಲ್ಲವೂ ನಿಜವಾಗಿರಬೇಕೆಂಬುದು ನಮ್ಮ ತಲೆಮಾರಿನ ಹುಚ್ಚಲ್ಲವೇ? ರಜೆಯ ದಿನಗಳಲ್ಲಿ ಸಾಹೇಬರ ಖಾಕಿ ಚೀಲ, ಸೈಕಲ್ಲು, ಟೋಪಿ ಎಲ್ಲವನ್ನೂ ಎರವಲು ತಂದೆ. ಕೊಳವೆಗಳ ಕಿಣಿಕಿಣಿಯನ್ನೂ ಧ್ವನಿಮುದ್ರಿಸಿಕೊಂಡೆ. ಸೋಮವಾರ ಅದೇ ಚೀಲ ಅದೇ ಹಳ್ಳಿಗಳಿಗೆ ಹೋಗುತ್ತದೆಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಸಭಿಕರೇ, ಹೊಳೆದಿತ್ತು. ಆದರೆ ಆ ದೃಶ್ಯ ಬಹಳ ಚೆನ್ನಾಗಿ ಬಂದಿತ್ತು.

ಸೊರಬದ ಟೆಂಟ್ ಸಿನಿಮಾಕ್ಕೆ ಚಿತ್ರ ಬಂದಾಗ ಆ ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ಮುಂದಿನ ಬೇಸಿಗೆಯಲ್ಲಿ ಬಾಗಿಲುಗಳು ಮುಚ್ಚಿದವು. ಕಾಡಿನಲ್ಲಿ ಸೌದೆ ಕಡಿಯುತ್ತಿದ್ದ ಉಚ್ಚಂಗಪ್ಪನಿಗೆ ಜ್ವರ ಬಂತು. ಸಾಹೇಬರು ಮೂರು ದಿನ ಅವನ ಜಗಲಿಯಲ್ಲಿ ಕೂತರು. ಅವನ ಹೆಂಡತಿ ಹನುಮಮ್ಮ ಕಿಟಕಿಯಿಂದಲೇ, "ನೀ ಯಾರು ಅಂತ ಗೊತ್ತಾತು, ಹೋಗಪ್ಪ. ಈ ಮನೇಲಿ ನಿನ್ನ ಕರೆಯೋರು ಯಾರೂ ಇಲ್ಲ" ಎಂದಳಂತೆ. ಹನ್ನೊಂದನೆಯ ದಿನ ಉಚ್ಚಂಗಪ್ಪ ತೀರಿಕೊಂಡ. ಬೇಗ ಪರೀಕ್ಷೆಯಾಗಿ ಆಸ್ಪತ್ರೆ ಸೇರಿದ್ದರೆ ಉಳಿಯುತ್ತಿದ್ದನೇ? ಹೇಳಲಾಗದು ಎನ್ನುತ್ತಾರೆ ವೈದ್ಯರು. ಆ ಒಂದು ಮಾತಿನ ಹಿಂದೆ ನಾನು ಇಷ್ಟು ದಿನ ಅಡಗಿ ಕೂತಿದ್ದೇನೆ.

ಸಾಹೇಬರನ್ನು ಹಳ್ಳಿಗಳಿಂದ ಬಿಡಿಸಿ ಇಲ್ಲಿನ ಕಚೇರಿಯಲ್ಲಿ ಟಪಾಲು ವಿಂಗಡಿಸಲು ಹಾಕಿದ್ದಾರೆ. ಕಳೆದ ತಿಂಗಳು ಕ್ಷಮೆ ಕೇಳಲೆಂದು ಅಲ್ಲಿಗೆ ಹೋದೆ. ಕುರ್ಚಿ ಎಳೆದು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ನಾನೂ ನೋಡಿದೆ ಸಾರ್. ಚೊಲೋ ಮಾಡೀರಿ. ನನಗೂ ಹೆದರಿಕೆ ಆತು" ಎಂದರು.

ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. "ಯಾವ ದೃಶ್ಯದಲ್ಲಿ?" ಎಂದು ಕೇಳಿದೆ. ಅವರು ಹೇಳಿದರು. ನಾನು ಕೇಳಿಸಿಕೊಂಡು, ಚಹಾ ಕುಡಿದು, ಎದ್ದು ಬಂದೆ.

ಈ ಸಭೆಗೆ ಯಾರನ್ನು ಕರೆಯಬೇಕೆಂದು ಕಾರ್ಯದರ್ಶಿಗಳು ನನ್ನಿಂದ ಪಟ್ಟಿ ಪಡೆದಿದ್ದರು. ಅದರಲ್ಲಿ ಹದಿನೇಳು ಹೆಸರುಗಳಿದ್ದವು. ಮುನಾಫ್ ಸಾಹೇಬರದು ಇರಲಿಲ್ಲ.

ಶಾಲು ಹೊದಿಸಿದಿರಿ, ಇಷ್ಟು ಹೊತ್ತು ಕೂತು ಕೇಳಿದಿರಿ. ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.