ಮೇಲೆ ಹರಡು ಅಂದಿದ್ದು

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಕೈಯಲ್ಲಿ ಕಿತ್ತು ತಂದ, ಹಳದಿಗಟ್ಟಿದ ಮೆಣಸಿನ ಗಿಡ. ಬಡಗಿ ತಮ್ಮನ ಕಾಲ ಬಳಿ ಮರದ ಹೊಟ್ಟು ಅಂಟಿದ ಖಾಲಿ ಚೀಲ.

“ಹೊಟ್ಟನ್ನ ಮಣ್ಣಿನ ಮೇಲೆ ಹರಡು ಅಂದಿದ್ದೆ. ಅಗೆದು ಒಳಗೆ ಬೆರೆಸು ಅಂದಿದ್ನಾ?”

“ಮೇಲಿದ್ರೆ ಗಾಳಿಗೆ ಹಾರುತ್ತಲ್ಲಕ್ಕ. ಹೇಗಿದ್ರೂ ಗೊಬ್ಬರ ತಾನೇ?”

“ಗೊಬ್ಬರ ಆಗೋಕೆ ಅದು ಮೊದಲು ಕೊಳೀಬೇಕು ಕಣೋ! ಅಲ್ಲೀವರೆಗೂ ಮಣ್ಣಲ್ಲಿರೋ ಸಾರಜನಕಾನೆಲ್ಲ ಅದೇ ನುಂಗುತ್ತೆ. ಗಿಡಕ್ಕೆ ಉಪವಾಸ.”

“ಎಲೆ ಹಳದಿ ಆದಾಗ್ಲೇ ಹೇಳ್ಬೇಕಿತ್ತು.”

“ಹೇಳಿದ್ದಕ್ಕೆ ಏನು ಮಾಡ್ದೆ?”

“ಇನ್ನೊಂದು ಚೀಲ ಬೆರೆಸ್ದೆ.”

ಅಕ್ಕ ಹಣೆ ಚಚ್ಚಿಕೊಂಡಳು.

“ನುಂಗಿದ್ದನ್ನ ವಾಪಸ್ ಕೊಡಲ್ವಾ?”

“ಕೊಡುತ್ತೆ, ಪೂರ್ತಿ ಕೊಳೆತ ಮೇಲೆ. ಮುಂದಿನ ವರ್ಷ. ಅಲ್ಲೀವರೆಗೂ ಗಿಡದ ಮುಂದೆ ಕೂತು ಸಮಾಧಾನ ಹೇಳ್ಲಾ?”

“ಮುಂದಿನ ವರ್ಷ ಭರ್ಜರಿ ಫಸಲು ಅನ್ನು!”

ಅಕ್ಕನ ಕಣ್ಣು ಚೀಲದ ಮೇಲೆ ಬಿತ್ತು.

“ಇವತ್ತು ಇದನ್ನ ಎಲ್ಲಿ ಖಾಲಿ ಮಾಡ್ದೆ? ಅಮ್ಮನ ಗುಲಾಬಿ ಪಾತಿಗೆ ಕೈ ಹಾಕಿಲ್ಲ ತಾನೇ?”

ತಮ್ಮ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ.

“ಬಸ್ ಬಂತು, ನೀನು ಹತ್ತಕ್ಕ. ಅಮ್ಮ ಮಲಗಿ ಏಳೋಷ್ಟರಲ್ಲಿ ನಾನೊಂದ್ಸಲ ವಾಪಸ್ ಹೋಗಿ ಬರ್ತೀನಿ.”